ಭೇಟಿ ವೀಸಾದ ಬಲೆ

ದುಬೈಗೆ ದುಡಿಯಲು ಹೊರಟ ಕೂಲಿಗಾರನ ಕೈಗೆ ದಳ್ಳಾಳಿ ಎಷ್ಟೋ ವೇಳೆ ತುರುಕುವುದು ಭೇಟಿ ವೀಸಾ. ಹತ್ತನೆಯ ತರಗತಿ ಪಾಸಾಗದವನು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಸರಕಾರದ ಅನುಮತಿ ಬೇಕು. (ಆದಾಯ ತೆರಿಗೆ ಕಟ್ಟುವ ಸಾಹುಕಾರ ಓದದಿದ್ದರೂ ಅವನಿಗೆ ಈ ತಡೆಯಿಲ್ಲ!) ಅನುಮತಿಗೆ ಕೆಲಸದ ಕರಾರು ಬೇಕು, ಹತ್ತು ಲಕ್ಷ ರೂಪಾಯಿಯ ವಿಮೆ ಬೇಕು. 2017ರಲ್ಲಿ ಗೊತ್ತುಮಾಡಿದಂತೆ ಎರಡು ವರ್ಷಕ್ಕೆ ವಿಮೆಯ ಕಂತು ಬರೀ 275 ರೂಪಾಯಿ. ದಳ್ಳಾಳಿ ತಪ್ಪಿಸುವುದು ಇದನ್ನೇ. ಭೇಟಿ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಕೂಲಿ ಕೊಡದ ಧಣಿಯ ಮೇಲೆ ದೂರು ಕೊಡಹೋದವನೇ ಮೊದಲು ತಪ್ಪಿತಸ್ಥನಾಗುತ್ತಾನೆ. ನೋಂದಾಯಿತ ಏಜೆಂಟನೇ 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲವೆಂದಮೇಲೆ, ನೋಂದಣಿಯೇ ಇಲ್ಲದವನು ಲಕ್ಷಗಟ್ಟಲೆ ಕೀಳುವುದು ಅಧಿಕಾರಿಗಳಿಗೆ ಕಾಣದೆ? ಪರವಾನಗಿ ಪಡೆದವರ ಪಟ್ಟಿಯನ್ನು ಜಿಲ್ಲಾಡಳಿತ ಪ್ರತಿ ಗಿರಣಿಯ ಬಾಗಿಲಿಗೂ ಅಂಟಿಸಲಿ.