ಒಂಬತ್ತು ನಿಮಿಷದ ಕತ್ತಲೆ

ಭತ್ತವನ್ನು ಕಣಜದಲ್ಲಿ ತುಂಬಿಡಬಹುದು, ನೀರನ್ನು ಹಂಡೆಯಲ್ಲಿ ಹಿಡಿದಿಡಬಹುದು. ವಿದ್ಯುಚ್ಛಕ್ತಿಗಾದರೋ ದೇಶಕ್ಕೆ ಸಾಲುವಷ್ಟು ದೊಡ್ಡ ಕಣಜ ಇನ್ನೂ ಸಿದ್ಧವಾಗಿಲ್ಲ. ಹುಟ್ಟಿದ ಕ್ಷಣದಲ್ಲಿಯೇ ಅದು ವ್ಯಯವಾಗಬೇಕು. ಬೇಡಿಕೆ ಏರಿದರೆ ತೊಂದರೆಯೆಂಬುದನ್ನು ಬೇಸಗೆಯಲ್ಲಿ ಬೀಸಣಿಗೆ ಹಿಡಿದು ಕುಳಿತ ಗೃಹಸ್ಥರೆಲ್ಲ ಬಲ್ಲರು. ಇಳಿದರೂ ಅಪಾಯವುಂಟೆಂದು ಮನಗಾಣಿಸಿದ್ದು 2020ರ ಕೊರೋನಾ ಮಹಾಮಾರಿ.

ಆ ವರ್ಷ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಿತು. ಗಿರಣಿಗಳು ನಿಂತವು, ಕಚೇರಿಗಳ ದೀಪಗಳು ಆರಿದವು. ವಿದ್ಯುತ್ತಿನ ಬೇಡಿಕೆ ಕೆಲವೇ ದಿನಗಳಲ್ಲಿ ಸುಮಾರು ಕಾಲು ಭಾಗ ತಗ್ಗಿತು. ಬಿಸಿಲಿಗೂ ಗಾಳಿಗೂ ಇಂಧನದ ವೆಚ್ಚವಿಲ್ಲ. ಆದುದರಿಂದ ಅವುಗಳ ವಿದ್ಯುತ್ತಿಗೆ ಮೊದಲ ಪಂಕ್ತಿ. ಎಲೆ ಬಿಟ್ಟು ಏಳಬೇಕಾದದ್ದು ಕಲ್ಲಿದ್ದಲಿನ ಸ್ಥಾವರಗಳು.

ಇಂತಹ ಹೊತ್ತಿನಲ್ಲಿಯೇ, ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಮನೆಯ ದೀಪಗಳನ್ನು 9 ನಿಮಿಷ ಆರಿಸಿ ಹಣತೆ ಹಚ್ಚಬೇಕೆಂದು ಪ್ರಧಾನಮಂತ್ರಿಗಳು ಕರೆಯಿತ್ತರು. ಜನರಿಗೆ ಅದು ಹಬ್ಬ, ಎಂಜಿನಿಯರರಿಗೆ ಅಗ್ನಿಪರೀಕ್ಷೆ. ಬಾವಿಯಿಂದ ತುಂಬಿದ ಕೊಡವನ್ನು ಸೇದುತ್ತಿರುವಾಗ ಕೊಡ ಕಳಚಿದರೆ, ಸೇದುವವರು ಹಿಂದಕ್ಕೆ ಬೀಳುವುದಿಲ್ಲವೆ? ಹೊರೆ ತಟ್ಟನೆ ಇಳಿದರೆ ಯಂತ್ರಗಳೂ ಹಾಗೆಯೇ ಮಿತಿಮೀರಿದ ವೇಗಕ್ಕೆ ಏರುತ್ತವೆ. ತಮ್ಮ ರಕ್ಷಣೆಗೆ ಒಂದೊಂದಾಗಿ ಜಾಲದಿಂದ ಕಳಚಿಕೊಳ್ಳುತ್ತವೆ. ಜಾಲ ಕುಸಿದರೆ ಏನಾಗುವುದೆಂಬುದನ್ನು 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತ ಕಂಡಿತ್ತು. ಈ ಬಾರಿಯಾದರೋ ಆಸ್ಪತ್ರೆಗಳಲ್ಲಿ ಉಸಿರೇ ಯಂತ್ರಕ್ಕೆ ಕಟ್ಟಿತ್ತು.

ಸಿದ್ಧತೆಗೆ ದೊರೆತದ್ದು ಎರಡೇ ದಿನ. ಫ್ಯಾನು, ಫ್ರಿಜ್ಜುಗಳನ್ನು ಆರಿಸಬೇಡಿರೆಂದು ಸರಕಾರ ಮನವಿ ಮಾಡಿತು. ಕಲ್ಲಿದ್ದಲಿನ ಕುಲುಮೆಯನ್ನು ನಿಮಿಷಾರ್ಧದಲ್ಲಿ ತಗ್ಗಿಸಲಾಗದು. ನೀರಿನ ಯಂತ್ರವಾದರೆ ಹೇಳಿದಂತೆ ಕೇಳುತ್ತದೆ. ಆದುದರಿಂದ ಉಷ್ಣ ಸ್ಥಾವರಗಳನ್ನು ಮೊದಲೇ ಮೆಲ್ಲನೆ ಇಳಿಸಿ, ಅವುಗಳ ಹೊರೆಯನ್ನು ಜಲವಿದ್ಯುದಾಗಾರಗಳ ಹೆಗಲಿಗೆ ಏರಿಸಿದರು. ಗಂಟೆ ಬಾರಿಸಿದಾಗ ನೀರಿನ ಬಾಗಿಲನ್ನು ಮುಚ್ಚುವುದು, ಆದರೆ ಯಂತ್ರವನ್ನು ನಿಲ್ಲಿಸದೆ ಹಗುರಾಗಿ ತಿರುಗಗೊಡುವುದು: ಇದು ಉಪಾಯ.

ಹೊರೆ 12ರಿಂದ 14 ಸಾವಿರ ಮೆಗಾವಾಟ್ ಇಳಿದೀತೆಂದು ಅವರ ಎಣಿಕೆ. ಉತ್ಸಾಹಕ್ಕೆ ಎಣಿಕೆ ಎಲ್ಲಿಯದು? ಜನರು ಒಂಬತ್ತು ಗಂಟೆಗೂ ಕಾಯಲಿಲ್ಲ. ಒಂಬತ್ತಕ್ಕೆ ಕಾಲು ಗಂಟೆ ಇರುವಾಗಲೇ ಇಳಿಯತೊಡಗಿದ ಹೊರೆ, ಸುಮಾರು 1,17,000 ಮೆಗಾವಾಟ್‌ನಿಂದ 86,000ಕ್ಕೆ ಬಂದಿತು. ಅಂದಾಜಿನ ಇಮ್ಮಡಿಗೂ ಮಿಗಿಲು. ಅದರಲ್ಲಿ 17,500 ಮೆಗಾವಾಟ್‌ನಷ್ಟನ್ನು ಜಲಯಂತ್ರಗಳೇ ತಗ್ಗಿಸಿಕೊಂಡವು. ಸೆಕೆಂಡಿಗೆ 50 ಇರಬೇಕಾದ ಜಾಲದ ಆವರ್ತನ 49.70ಕ್ಕಿಂತ ಕೆಳಗಿಳಿಯಲಿಲ್ಲ, 50.26ನ್ನು ಮೀರಲಿಲ್ಲ.

ಒಂಬತ್ತೂ ಹತ್ತರ ಸುಮಾರಿಗೆ ಮನೆಗಳಲ್ಲಿ ದೀಪಗಳು ಮರಳಿ ಬೆಳಗತೊಡಗಿದವು. ಬರಿದೆ ತಿರುಗುತ್ತಿದ್ದ ಚಕ್ರಗಳ ಮೇಲೆ ನೀರು ಮತ್ತೆ ಧುಮುಕಿತು.