ಎರಡು ನುಡಿ, ಒಂದೇ ಅಳತೆ
ಗಡಿಯೂರು ಬಸವಕಲ್ಯಾಣದ ಸಂತೆಯಲ್ಲಿ ಕನ್ನಡದಲ್ಲಿ ದರ ಕೇಳಿದರೆ ಮರಾಠಿಯಲ್ಲಿ ಉತ್ತರ ಬರಬಹುದು. ಹುಮನಾಬಾದಿನಲ್ಲಿ ಅದಕ್ಕೆ ಉರ್ದುವೂ ಸೇರುತ್ತದೆ. ಆದರೂ ವ್ಯಾಪಾರ ಕೆಡುವುದಿಲ್ಲ, ಏಕೆಂದರೆ ಕಿಲೋ ಮತ್ತು ರೂಪಾಯಿ ಎಲ್ಲರಿಗೂ ಒಂದೇ. ಪೈಥಾನ್ ಪ್ರೋಗ್ರಾಂ ಸಿ ಭಾಷೆಯ ಫಂಕ್ಷನ್ ಕರೆಯುವುದೂ ಇಂಥದೇ ಒಪ್ಪಂದದ ಮೇಲೆ. 2006ರ ಪೈಥಾನ್ 2.5ರಿಂದ ಸಿಟೈಪ್ಸ್ ಎಂಬ ದುಭಾಷಿ ಅದರ ಜೊತೆಗೇ ಬರುತ್ತದೆ. ಅಳತೆ ತಪ್ಪಿದರೆ ಮಾತ್ರ ಕೆಲಸ ಕೆಟ್ಟಿತು. ‘ಕಲ್ಯಾಣ’ ಎಂಬ ಪದವನ್ನು ಪೈಥಾನ್ 3 ಎಣಿಸಿದರೆ ಉದ್ದ 6 ಯೂನಿಕೋಡ್ ಚಿಹ್ನೆ. ಅದನ್ನೇ ಯುಟಿಎಫ್-8ರಲ್ಲಿ ಪಡೆದ ಸಿ ಎಣಿಸಿದರೆ 18 ಬೈಟ್. ಆರೇ ಬೈಟ್ ಕಳಿಸಿದರೆ ಆಚೆ ದಾಟುವುದು ‘ಕಲ’ ಅಷ್ಟೇ. ನಮ್ಮ ಗಡಿಯ ಮಕ್ಕಳಿಗೆ ಇದನ್ನು ಅಕ್ಕರೆಯಿಂದ ಕಲಿಸಬೇಕು. ತಮ್ಮ ನುಡಿ ಬಿಡದೆ, ಅಳತೆ ಒಪ್ಪಿಕೊಂಡು ಮಾತಾಡುವುದು ಅವರು ಹುಟ್ಟಿದ ಓಣಿಯದೇ ವಿದ್ಯೆ.