ಸಭೆಯಲ್ಲಿ ಮೌನ ಬಂಗಾರವಲ್ಲ

‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಮನೆಯ ಜಗಳಕ್ಕೆ ಈ ಗಾದೆ ಒಪ್ಪೀತು. ಬೆಟ್ಟ, ಕೆರೆ, ಗೋಮಾಳಗಳ ಹಣೆಬರಹ ನಿರ್ಧಾರವಾಗುವ ಸಭೆಗೆ ಒಪ್ಪದು. ಅಲ್ಲಿ ನಾವು ತಾಳುವ ಮೌನವನ್ನು ಕಡತವು ಒಪ್ಪಿಗೆಯೆಂದೇ ಓದಿಕೊಳ್ಳುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಿಗೆ ಬೆಟ್ಟವೆಂದರೆ ಬರಿಯ ಕಲ್ಲಲ್ಲ. ಬಂಡೆಯಿಂದ ಇಳಿದ ಮಳೆನೀರು ಬುಡದ ಕುಂಟೆ, ಕಟ್ಟೆಗಳನ್ನು ತುಂಬುತ್ತದೆ. ರಣಹದ್ದುಗಳ ನೆಲೆಯಾದ ಕಾರಣಕ್ಕೇ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿತವಾಯಿತು. ಇದನ್ನೆಲ್ಲ ಕಣ್ಣಾರೆ ಬಲ್ಲವರು ಕುರಿ ಕಾಯುವವರು, ನೀರು ಹೊರುವ ಹೆಣ್ಣುಮಕ್ಕಳು. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಮಾತನಾಡದೆ ಎದ್ದು ಬರುವವರೂ ಅವರೇ.

ಮಾತಿನ ಬಲಕ್ಕೆ ವಿದ್ಯೆ, ಪದವಿಗಳೇ ಬೇಕೆಂದಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ ಅಕ್ಷರ ಕಲಿತವರಲ್ಲ. ಪತಿ ಚಿಕ್ಕಯ್ಯನವರೊಡನೆ ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿದರು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಸ್ಥಿತಿ ಒದಗಿದಾಗ, ಅವನ್ನು ಕಡಿಯಬಾರದೆಂದು ಸರ್ಕಾರವನ್ನೇ ಕೇಳಿದರು. ಮರಗಳನ್ನು ಉಳಿಸಿ ಬದಲಿ ದಾರಿ ಹುಡುಕುವುದಾಗಿ ಸರ್ಕಾರ ಭರವಸೆಯಿತ್ತಿತು. 2025ರ ನವೆಂಬರ್‌ನಲ್ಲಿ ನಮ್ಮನ್ನಗಲಿದ ಆ ಹಿರಿಯ ಜೀವದ ಮಾತಿನಲ್ಲಿ ಅಲಂಕಾರವಿರಲಿಲ್ಲ. ಅದರ ಹಿಂದೆ ದುಡಿಮೆಯಿತ್ತು. ಕೇಳಬೇಕಾದವರನ್ನೇ, ಕೊಡಲಿ ಬೀಳುವ ಮುನ್ನವೇ ಕೇಳಿದ ವಿವೇಕವಿತ್ತು.

ತಿಮ್ಮಕ್ಕನವರ ಹೆಸರಿನ ಬಲ ನಮಗಿಲ್ಲ, ನಿಜ. ಆದರೆ ಕಾನೂನು ನಮಗೊಂದು ವೇದಿಕೆಯನ್ನು ಕೊಟ್ಟಿದೆ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾಗಿರುವ ಯೋಜನೆಗಳಲ್ಲಿ ಜನರಿಗೆ ಕನಿಷ್ಠ 30 ದಿನ ಮೊದಲೇ ತಿಳಿಸಬೇಕು. ಸಭೆಯ ವಿಡಿಯೋ ಚಿತ್ರೀಕರಣವಾಗಬೇಕು. ಜನರ ಆಕ್ಷೇಪಣೆಗಳನ್ನು ನಡಾವಳಿಯಲ್ಲಿ ದಾಖಲಿಸಿ, ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಇಂತಿಷ್ಟು ಜನ ಸೇರಲೇಬೇಕೆಂಬ ನಿಯಮವಿಲ್ಲ. ಆದುದರಿಂದ ಗದ್ದಲವೆಬ್ಬಿಸುವ ನೂರು ಜನರಿಗಿಂತ ವಿಷಯವನ್ನು ಬಿಡಿಸಿ ಹೇಳಬಲ್ಲ ಹತ್ತು ಜನ ಮೇಲು.

‘ಪರಿಸರ ಹಾಳಾಗುತ್ತದೆ’ ಎಂದಷ್ಟೇ ಹೇಳಿದರೆ ಉತ್ತರವೂ ಅಷ್ಟೇ ಸಡಿಲವಾಗಿರುತ್ತದೆ. ‘ಇಂಥ ಸರ್ವೆ ನಂಬರಿನ ಬಾವಿ ಇಂಥ ತಿಂಗಳು ಬತ್ತಿತು, ಸಿಡಿಮದ್ದಿನ ಸದ್ದಿಗೆ ಇಷ್ಟು ಮನೆಗಳ ಗೋಡೆ ಬಿರುಕುಬಿಟ್ಟಿವೆ’ ಎಂದರೆ ಆ ಮಾತನ್ನು ತೇಲಿಸಿಬಿಡುವುದು ಕಷ್ಟ. ಧಿಕ್ಕಾರ ಕೂಗಿ ಹೊರನಡೆದರಂತೂ ದಾಖಲೆಯಲ್ಲಿ ಉಳಿಯುವುದು ನಮ್ಮ ಕೋಪ ಮಾತ್ರ, ನಮ್ಮ ಕಾರಣಗಳಲ್ಲ.

ಹಾಗೆಂದು ಊರಿಗೊಬ್ಬ ವಾಗ್ಮಿಯಿದ್ದರೆ ಸಾಕೆಂದು ನಾವು ಹೇಳುತ್ತಿಲ್ಲ. ಒಬ್ಬನೇ ಮಾತನಾಡುವ ಊರಿನಲ್ಲಿ ಆ ಒಬ್ಬನನ್ನು ಒಲಿಸಿಕೊಂಡರೆ ಬೆಟ್ಟವೇ ಕೈತಪ್ಪುತ್ತದೆ. ತಾನು ಮಾತನಾಡುವುದರ ಜೊತೆಗೆ ಹಿಂದಿನ ಸಾಲಿನವರ ಬಾಯಿಂದಲೂ ಮಾತು ಹೊರಡಿಸಬಲ್ಲವನೇ ನಿಜವಾದ ನಾಯಕ. ಈ ಕಾರ್ಯದಲ್ಲಿ ವಿದ್ಯಾರ್ಥಿಮಿತ್ರರ ಪಾಲು ದೊಡ್ಡದು. ಯೋಜನೆಯ ಕನ್ನಡ ಸಾರಾಂಶವನ್ನು ತಂದು ಅರಳಿಕಟ್ಟೆಯಲ್ಲಿ ಗಟ್ಟಿಯಾಗಿ ಓದಿರಿ. ಅಜ್ಜಿ ಹೇಳುವ ಬಾವಿಯ ಕಥೆಯನ್ನು ಇಸವಿಯೊಡನೆ ಬರೆದುಕೊಳ್ಳಿರಿ. ಅದನ್ನು ಮೂರು ನಿಮಿಷದಲ್ಲಿ ಹೇಳುವುದನ್ನು ಅವರೊಡನೆ ಕುಳಿತು ಅಭ್ಯಾಸ ಮಾಡಿರಿ.

ಬೆಟ್ಟಕ್ಕೆ ಬಾಯಿಲ್ಲ, ಅದರ ಬುಡದಲ್ಲಿ ಬಾಳುವ ನಮಗಿದೆ. ಮುಂದಿನ ಗ್ರಾಮಸಭೆಯಿಂದಲೇ ಅದನ್ನು ಬಳಸಲು ಆರಂಭಿಸೋಣ.